ಹಳೆ ಕಂಪ್ಯೂಟರ್‌ನಿಂದ ಟಿವಿ ರೆಕಾರ್ಡರ್: ಐದು ಭಾನುವಾರ, ಒಂದು ಮಧ್ಯರಾತ್ರಿ

ಬಿಪಿ ಮಾತ್ರೆ ತಗೊಂಡ ಮೇಲೆ ಅಮ್ಮನಿಗೆ ಒಂಬತ್ತಕ್ಕೆಲ್ಲ ಕಣ್ಣು ಎಳೆಯುತ್ತದೆ. ಚಂದನದಲ್ಲಿ ‘ಥಟ್ ಅಂತ ಹೇಳಿ’ ಬರುವುದು ಆಮೇಲೆ. 2002ರಲ್ಲಿ ಆ ಕ್ವಿಜ್ ಶುರುವಾದಾಗಿನಿಂದ ನೋಡಿಕೊಂಡು ಬಂದವರು ಅವರು. ಟೀಚರ್ ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಎದುರಿಗಿರುವವರಿಗಿಂತ ಮೊದಲೇ ಉತ್ತರ ಹೇಳುವ ಚಟ ಹೋಗಿಲ್ಲ. ಮೊಬೈಲ್‌ನಲ್ಲಿ ಹಾಕಿಕೊಡುತ್ತೇನೆ ಅಂದರೆ ಬೇಡ. ಟಿವಿಯಲ್ಲೇ ಬರಬೇಕು, ಬೆಳಗ್ಗೆ ಕಾಫಿ ಜೊತೆ ಬರಬೇಕು. ಸರಿ, ಅಟ್ಟದ ಮೇಲೆ ಒಂದು ಹಳೆ ಕಂಪ್ಯೂಟರ್ ಇತ್ತಲ್ಲ ಅಂತ ಏಣಿ ಹಾಕಿದೆ. ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿ ಆಮೇಲೆ ಏನೇನಾಯಿತು ಅನ್ನುವುದು ಇದು. ತಪ್ಪುಗಳನ್ನೂ ಬರೆದಿದ್ದೇನೆ. ಅವೇ ಜಾಸ್ತಿ ಇವೆ.

ಜೂನ್ 1, ಭಾನುವಾರ: ಉಬ್ಬಿದ ಕೆಪಾಸಿಟರ್

2009ರಲ್ಲಿ ಕೊಂಡ ಡಬ್ಬ. ಕೋರ್ 2 ಡ್ಯುಯೊ ಇ7500, 2.93 ಗಿಗಾಹರ್ಟ್ಸ್. ಜಿ31 ಚಿಪ್‌ಸೆಟ್‌ನ ಬೋರ್ಡ್. 2 ಜಿಬಿ ಡಿಡಿಆರ್2 ರ‍್ಯಾಮ್, 250 ಜಿಬಿ ಹಾರ್ಡ್‌ಡಿಸ್ಕ್. ಮುಚ್ಚಳ ತೆಗೆದರೆ ಬೊಗಸೆ ಧೂಳು, ಅದರೊಳಗೆ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಪೇಂಟ್ ಬ್ರಷ್‌ನಲ್ಲಿ ಕೊಡವಿ ಸ್ವಿಚ್ ಒತ್ತಿದೆ. ಫ್ಯಾನ್ ಎರಡು ಸೆಕೆಂಡ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹೀಗೇ ನಡೆಯಿತು.

ಟಾರ್ಚ್ ಹಿಡಿದು ನೋಡಿದರೆ ಪ್ರೊಸೆಸರ್ ಪಕ್ಕದ ಐದು ಕೆಪಾಸಿಟರ್‌ಗಳ, ಅಂದರೆ ಕರೆಂಟು ಕೂಡಿಟ್ಟು ಹದವಾಗಿ ಕೊಡುವ ಪುಟ್ಟ ಡಬ್ಬಿಗಳ, ತಲೆ ಉಬ್ಬಿತ್ತು. ಚಪ್ಪಟೆ ಇರಬೇಕಾದ ತಲೆ ಸಣ್ಣ ಪಡ್ಡಿನ ಹಾಗೆ ಆಗಿತ್ತು. ಒಂದರ ಮೇಲೆ ಕಂದು ಬಣ್ಣದ ಅಂಟು. ಮೇಲೆ ಬರೆದಿದ್ದು 6.3 ವೋಲ್ಟ್, 1500 ಮೈಕ್ರೋಫ್ಯಾರಡ್. ಎಂ.ಜಿ. ರಸ್ತೆಯ ಅಂಗಡಿಯಲ್ಲಿ 6.3 ವೋಲ್ಟಿಂದು ಇರಲಿಲ್ಲ, 10 ವೋಲ್ಟಿಂದು ಸಿಕ್ಕಿತು. ವೋಲ್ಟ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಮೈಕ್ರೋಫ್ಯಾರಡ್ ಒಂದೇ ಇರಬೇಕು. 105 ಡಿಗ್ರಿ ಬಿಸಿ ತಡೆಯುತ್ತೆ ಅಂತ ಬರೆದಿರುವುದನ್ನೇ ಕೇಳಿ ತಗೊಂಡೆ. ಒಂದಕ್ಕೆ 12 ರೂಪಾಯಿ. ಮನೆಗೆ ಬಂದ ಮೇಲೆ ಗೊತ್ತಾಗಿದ್ದು, ಹೊಸವು ಸ್ವಲ್ಪ ದಪ್ಪ. ಐದನ್ನೂ ಸಾಲಾಗಿ ನಿಲ್ಲಿಸಲು ಜಾಗ ಸಾಲದೆ ಎರಡನ್ನು ಓರೆ ಮಾಡಿ ನಿಲ್ಲಿಸಬೇಕಾಯಿತು.

ಮೊದಲ ತಪ್ಪು ಇಲ್ಲೇ. 25 ವ್ಯಾಟಿನ ಬೆಸುಗೆ ಕಡ್ಡಿ ಹಿಡಿದು ಕೂತೆ. ಮದರ್‌ಬೋರ್ಡಿನ ಒಳಗಿನ ತಾಮ್ರದ ಪದರ ಬಿಸಿಯನ್ನೆಲ್ಲ ಕುಡಿದುಬಿಡುತ್ತೆ. ನೆಗೆಟಿವ್ ಕಾಲಿನ ಸೀಸ ಕರಗಲೇ ಇಲ್ಲ. ಜೋರಾಗಿ ಎಳೆದೆ, ಒಂದು ಕಾಲು ತುಂಡಾಗಿ ತೂತಿನಲ್ಲೇ ಉಳಿಯಿತು. ಗೆಳೆಯನೊಬ್ಬನಿಂದ 60 ವ್ಯಾಟಿನ ಕಡ್ಡಿ ತಂದ ಮೇಲೆ ಒಂದೊಂದಕ್ಕೆ ಎರಡು ನಿಮಿಷ. ತೂತಿನಲ್ಲಿ ಕೂತ ಸೀಸ ತೆಗೆಯಲು ಅಮ್ಮನ ಹೊಲಿಗೆ ಸೂಜಿ ಬಳಸಿದೆ. ಒಂದು ಕಡೆಯಿಂದ ಕಾಯಿಸುತ್ತಾ ಇನ್ನೊಂದು ಕಡೆಯಿಂದ ಸೂಜಿ ತೂರಿಸಿದರೆ ತೂತು ಚೊಕ್ಕವಾಗುತ್ತೆ. ಆ ಸೂಜಿಗೆ ಸೀಸ ಅಂಟಲಿಲ್ಲ. ಬಿಚ್ಚುವ ಮೊದಲು ಫೋಟೋ ತೆಗೆದುಕೊಂಡಿದ್ದರಿಂದ ಪ್ಲಸ್ಸು ಮೈನಸ್ಸು ಅದಲುಬದಲಾಗಲಿಲ್ಲ. ಈ ಒಂದು ಬುದ್ಧಿ ಮಾತ್ರ ಮೊದಲೇ ಬಂದಿತ್ತು.

ಸಂಜೆ ಏಳಕ್ಕೆ ಬಯೋಸ್ ಪರದೆ, ಅಂದರೆ ಬೋರ್ಡಿನದ್ದೇ ಸೆಟ್ಟಿಂಗ್ ಪರದೆ, ಬಂತು. ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಪೇಸ್ಟ್ ಒಣಗಿ ಪುಡಿಯಾಗಿತ್ತು, 80 ರೂಪಾಯಿಯ ಹೊಸ ಟ್ಯೂಬ್ ಹಚ್ಚಿದೆ. ಗಡಿಯಾರ 2009ರ ಜನವರಿ 1 ತೋರಿಸುತ್ತಿತ್ತು. ಸರಿ ಮಾಡಿ ಮುಂದೆ ಹೋದೆ. ಅದು ಯಾಕೆ ಹಾಗೆ ತೋರಿಸುತ್ತಿದೆ ಅಂತ ಆವತ್ತು ಯೋಚಿಸಲಿಲ್ಲ.

ಜೂನ್ 8: ಡ್ರಾಯರ್‌ನಲ್ಲಿದ್ದ ಹಳೆ ಕಾರ್ಡು

ಕಂಪ್ಯೂಟರ್ ಜೊತೆ ಆ ಕಾಲದಲ್ಲೇ ಟಿವಿ ಸಿಗ್ನಲ್ ಹಿಡಿಯುವ ಒಂದು ಟ್ಯೂನರ್ ಕಾರ್ಡು ಕೊಂಡಿದ್ದೆ. ಬೋರ್ಡಿನ ಪಿಸಿಐ ಸ್ಲಾಟಿಗೆ ಹಾಕುವುದು, ಎಸ್‌ಎಎ7130 ಚಿಪ್ಪಿನದು. ಖರ್ಚೇ ಇಲ್ಲದೆ ಕೆಲಸ ಮುಗಿಯಿತು ಅಂತ ಹಿಗ್ಗಿದೆ. ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಕಾರ್ಡು ಚುಚ್ಚಿದೆ. ಕಾರ್ಡು ಜೀವಂತ. ಚಾನೆಲ್ ಮಾತ್ರ ಒಂದೂ ಇಲ್ಲ, ಬರೀ ಇರುವೆ ಸಾಲು.

ಬರುವುದಾದರೂ ಎಲ್ಲಿಂದ? ಅದು ಅನಲಾಗ್ ಕಾರ್ಡು. ಕೇಬಲ್ ಡಿಜಿಟಲ್ ಆಗಿ ಎಷ್ಟೋ ಕಾಲವಾಯಿತು. ದೂರದರ್ಶನದ ಅನಲಾಗ್ ಟವರ್‌ಗಳನ್ನೂ ಸುಮಾರು ಐವತ್ತನ್ನು ಬಿಟ್ಟು 2021ರ ಅಕ್ಟೋಬರ್ ಹೊತ್ತಿಗೆ ದೇಶದಾದ್ಯಂತ ನಿಲ್ಲಿಸಿಬಿಟ್ಟರು. ನಾನು ಗಾಳಿಯಲ್ಲಿ ಇಲ್ಲದ್ದನ್ನು ಹುಡುಕುತ್ತಿದ್ದೆ.

ಆದರೂ ಬಿಡಲಿಲ್ಲ. ಕಾರ್ಡಿನ ಹಿಂದೆ ಹಳದಿ ಬಣ್ಣದ ಎವಿ ತೂತು ಇತ್ತು. ಕೇಬಲ್‌ನ ಸೆಟ್‌ಟಾಪ್ ಬಾಕ್ಸಿನಿಂದ ಅದಕ್ಕೆ ತಂತಿ ಕೊಟ್ಟೆ. ಚಿತ್ರ ಬಂತು, 720 ಅಡ್ಡ 576. ಧ್ವನಿ ಬರಲಿಲ್ಲ. ಈ ಚಿಪ್ಪಿನಲ್ಲಿ ಧ್ವನಿ ಸ್ಲಾಟಿನ ಮೂಲಕ ಬರುವುದಿಲ್ಲ, ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಬೇರೆ ತಂತಿ ಕೊಡಬೇಕು. ಕೊಟ್ಟೆ. ಅರ್ಧ ಗಂಟೆ ರೆಕಾರ್ಡ್ ಮಾಡಿ ನೋಡಿದರೆ ಕೊನೆಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅದೂ ಅಲ್ಲದೆ ರೆಕಾರ್ಡ್ ಆಗುವಷ್ಟು ಹೊತ್ತು ಸೆಟ್‌ಟಾಪ್ ಬಾಕ್ಸನ್ನು ಅದೇ ಚಾನೆಲ್‌ನಲ್ಲಿ ಇಡಬೇಕು, ಬೇರೆಯವರು ಬೇರೆ ಏನೂ ನೋಡುವ ಹಾಗಿಲ್ಲ. ಮಗಳು ಹತ್ತೇ ನಿಮಿಷಕ್ಕೆ ರಿಮೋಟ್ ಒತ್ತಿ ನನ್ನ ಪ್ರಯೋಗ ಮುಗಿಸಿದಳು.

ಈ ವಾರ ಪೂರ್ತಿ ವ್ಯರ್ಥ ಅನ್ನಲಾರೆ. ಒಂದು ವಿಷಯ ತಲೆಗೆ ಹೋಯಿತು. ಅನಲಾಗ್ ಕಾರ್ಡಿನಲ್ಲಿ ಬರುವುದು ಹಸಿ ತರಕಾರಿ. ಹೆಚ್ಚಿ, ಬೇಯಿಸಿ, ಡಬ್ಬಿಗೆ ತುಂಬುವುದೆಲ್ಲ ಪ್ರೊಸೆಸರ್ರೇ ಮಾಡಬೇಕು. ಎರಡೂ ಕೋರ್ ಮುಕ್ಕಾಲು ಪಾಲು ಅದರಲ್ಲೇ ಮುಳುಗಿದ್ದವು. ಡಿಜಿಟಲ್ ಟ್ಯೂನರ್‌ನಲ್ಲಿ ಬರುವುದು ಬೆಂದ ಊಟ. ಸ್ಟೇಷನ್‌ನಲ್ಲೇ ಕುಗ್ಗಿಸಿ ಕಳಿಸಿರುತ್ತಾರೆ. ನಮ್ಮ ಕಂಪ್ಯೂಟರ್ ಅದನ್ನು ಹಾಗೇ ಡಿಸ್ಕಿಗೆ ಸುರಿದರೆ ಸಾಕು. ಹದಿನಾರು ವರ್ಷದ ಪ್ರೊಸೆಸರ್ ಸಾಲುತ್ತಾ ಅಂತ ಅಲ್ಲಿವರೆಗೆ ಇದ್ದ ಚಿಂತೆ ಹೋಯಿತು. ದುಡ್ಡು ಹಾಕಬೇಕಾದ್ದು ಟ್ಯೂನರ್‌ಗೆ.

ಜೂನ್ 9ರಿಂದ 14: ಯಾವ ಟ್ಯೂನರ್

ಇದರಲ್ಲೇ ಒಂದು ವಾರ ಹೋಯಿತು, ಹೋಗಬೇಕಾದ್ದೂ ಇದರಲ್ಲೇ. ಎದುರಿಗಿದ್ದ ದಾರಿಗಳು ಹೀಗಿದ್ದವು.

ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐಗೆ ಚುಚ್ಚುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಐನೂರು ಆರುನೂರಕ್ಕೆ ಸಿಗುತ್ತೆ. ಆದರೆ ಆ ತಂತಿಯಲ್ಲಿ ಎಚ್‌ಡಿಸಿಪಿ ಅನ್ನುವ ಬೀಗ ಇರುತ್ತೆ, ಪರದೆ ಕಪ್ಪಗೆ ಬರುವುದೇ ಜಾಸ್ತಿ. ರಿಮೋಟ್ ಜಗಳ ಇಲ್ಲೂ ಹಾಗೇ ಇರುತ್ತೆ. ಬಿಟ್ಟೆ.

ದುಡ್ಡು ಕಟ್ಟುವ ಡಿಟಿಎಚ್ ಡಿಶ್ಶಿನಿಂದ ನೇರ ಕಾರ್ಡಿಗೆ ತಂತಿ ಕೊಟ್ಟರೆ? ಚಾನೆಲ್‌ಗಳೆಲ್ಲ ಬೀಗ ಹಾಕಿ ಬರುತ್ತವೆ, ಬೀಗದ ಕೈ ಅವರ ಬಾಕ್ಸಿನಲ್ಲಿರುತ್ತೆ. ಅದೂ ಇಲ್ಲ.

ಉಳಿದಿದ್ದು ದೂರದರ್ಶನದ ಉಚಿತ ಡಿಟಿಎಚ್, ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಅಮ್ಮನ ಚಂದನಕ್ಕೆ ಬೀಗ ಇಲ್ಲ. ಜೀಸ್ಯಾಟ್-15 ಉಪಗ್ರಹ, 93.5 ಡಿಗ್ರಿ ಪೂರ್ವ. ನಮ್ಮ ಮನೆ ಮಹಡಿಯ ಮೇಲೆ ಯಾವತ್ತೋ ಬಿಟ್ಟುಹಾಕಿದ ಡಿಟಿಎಚ್ ಡಿಶ್ ಒಂದು ಕಾಗೆ ಕೂರಲು ಇತ್ತು. ಅದನ್ನೇ ಈ ಕಡೆ ತಿರುಗಿಸಿದರೆ ಡಿಶ್ಶಿನ ಖರ್ಚೂ ಉಳಿಯಿತು.

ಈಗ ಕಾರ್ಡು. ಹಳೆಯ ಸ್ಕೈಸ್ಟಾರ್ 2 ಪಿಸಿಐ ಕಾರ್ಡು ಆರುನೂರಕ್ಕೆ ಕೊಡುವವರಿದ್ದರು. ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ಮೊದಲೇ ಇದೆ, ನಮ್ಮ ಬೋರ್ಡಿನಲ್ಲಿ ಪಿಸಿಐ ಸ್ಲಾಟೂ ಇದೆ. ಕೈ ಇನ್ನೇನು ಜೇಬಿಗೆ ಹೋಗಿತ್ತು. ಆದರೆ ಅದು ಉಪಗ್ರಹ ಟಿವಿಯ ಹಳೆ ಮಾದರಿಯಾದ ಡಿವಿಬಿ-ಎಸ್ ಮಾತ್ರ ಹಿಡಿಯುತ್ತೆ. ಫ್ರೀ ಡಿಶ್‌ನಲ್ಲಿ ಕೆಲವು ಚಾನೆಲ್ ಡಿವಿಬಿ-ಎಸ್‌ನಲ್ಲಿ, ಕೆಲವು ಹೊಸ ಮಾದರಿಯ ಡಿವಿಬಿ-ಎಸ್2ನಲ್ಲಿ ಬರುತ್ತವೆ. ಇವತ್ತು ಬಂದ ಚಾನೆಲ್ ನಾಳೆ ಆ ಕಡೆ ಹೋದರೆ ಕಾರ್ಡು ಗುಜರಿಗೆ. ಹೊಸ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳ ಬೆಲೆ ನೋಡಿ ಪುಟ ಮುಚ್ಚಿದೆ.

ಕೊನೆಗೆ ಬೆಂಗಳೂರಿನ ಒಬ್ಬರಿಂದ ಬಳಸಿದ ಡಿವಿಬಿಸ್ಕೈ ಎಸ್960 ತಗೊಂಡೆ. ಯುಎಸ್‌ಬಿ ಡಬ್ಬಿ, ಎಸ್ ಮತ್ತು ಎಸ್2 ಎರಡೂ ಹಿಡಿಯುತ್ತೆ. 3,200 ರೂಪಾಯಿ. ಯುಎಸ್‌ಬಿ ಆರಿಸಿದ್ದಕ್ಕೆ ಇನ್ನೊಂದು ಕಾರಣ ಆ ಐದು ಕೆಪಾಸಿಟರ್. ಈ ಬೋರ್ಡು ಎಷ್ಟು ದಿನವೋ ದೇವರಿಗೇ ಗೊತ್ತು. ಅದು ಸತ್ತರೆ ಟ್ಯೂನರ್ ಬಿಚ್ಚಿ ಬೇರೆ ಯಾವುದಕ್ಕಾದರೂ ಚುಚ್ಚಬಹುದು.

ಜೂನ್ 15: ಎಸ್.ಪಿ. ರಸ್ತೆ

ಟ್ಯೂನರ್ ತರಲು ಬೆಂಗಳೂರಿಗೆ ಹೋದವನು ಹಿಂದಿನ ದಿನ, ಶನಿವಾರವೇ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೂ ಹೋಗಿ ಬಂದಿದ್ದೆ. ನಮ್ಮ ಬೋರ್ಡಿನಲ್ಲಿ ವಿಜಿಎ ಮಾತ್ರ ಇದೆ, ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಜಿಫೋರ್ಸ್ 210 ಗ್ರಾಫಿಕ್ಸ್ ಕಾರ್ಡು, ಫ್ಯಾನ್ ಇಲ್ಲದ್ದು, 750. ಫ್ಯಾನ್ ಇಲ್ಲದ್ದೇ ಬೇಕು ಅಂತ ಹಟ ಹಿಡಿದೆ, ಡಬ್ಬ ಕೂರುವುದು ಹಾಲ್‌ನಲ್ಲಿ ತಾನೇ. ಇನ್ನೊಂದು 2 ಜಿಬಿ ರ‍್ಯಾಮ್ 250. ಈ ಬೋರ್ಡಿಗೆ 4 ಜಿಬಿಗಿಂತ ಹೆಚ್ಚು ಹಿಡಿಯುವುದಿಲ್ಲ. ಲಿನಕ್ಸ್‌ಗೆ 120 ಜಿಬಿ ಎಸ್‌ಎಸ್‌ಡಿ 1,050.

ಹಳೆ ಹಾರ್ಡ್‌ಡಿಸ್ಕನ್ನು ಅದರ ಆರೋಗ್ಯ ಹೇಳುವ ಸ್ಮಾರ್ಟ್ ಪರೀಕ್ಷೆಗೆ ಹಚ್ಚಿದಾಗ ಕೆಟ್ಟು ಬದಲಾಯಿಸಿದ ಸೆಕ್ಟರ್ ಮುನ್ನೂರ ಹನ್ನೆರಡು ಅಂತ ಬಂದಿತ್ತು. ಅದನ್ನು ನಂಬುವ ಹಾಗಿರಲಿಲ್ಲ. ಸಿಸಿಟಿವಿಗೆ ಹಾಕುವ 1 ಟಿಬಿ ಡಿಸ್ಕ್ ಹೊಸದು ತಂದೆ, 4,100. ಇದು ಎರಡನೇ ದೊಡ್ಡ ತಪ್ಪು, ಅದೂ ಲೆಕ್ಕ ಮಾಡದೆ ಆದ ತಪ್ಪು. ಆಮೇಲೆ ಅಳೆದಾಗ ಅರ್ಧ ಗಂಟೆಯ ರೆಕಾರ್ಡಿಂಗ್ 500 ಎಂಬಿ ಆಸುಪಾಸು ಬಂತು. ವಾರಕ್ಕೆ ಐದು ಕಂತು, ವರ್ಷಪೂರ್ತಿ ಒಂದನ್ನೂ ಅಳಿಸದಿದ್ದರೂ 130 ಜಿಬಿ. ಬರೆಯುವ ವೇಗ ಸೆಕೆಂಡಿಗೆ 0.3 ಎಂಬಿ ಕೂಡ ಇಲ್ಲ. ಎಲ್ಲಿಂದಲೋ ಒಂದು ಬಳಸಿದ 320 ಜಿಬಿ ಡಿಸ್ಕ್ ತಂದಿದ್ದರೆ ಧಾರಾಳ ಸಾಕಿತ್ತು.

ಜೂನ್ 22: ಅಗ್ನಿ ಮೂಲೆ

ಡಿಶ್ ತಿರುಗಿಸುವ ಕೆಲಸ. ತುಮಕೂರಿನಿಂದ 93.5 ಡಿಗ್ರಿಯ ಉಪಗ್ರಹ ಕಾಣುವುದು ಉತ್ತರದಿಂದ ಎಣಿಸಿದರೆ 128 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಡಿಮೆ ಅಗ್ನಿ ಮೂಲೆ. ಎತ್ತರ 65 ಡಿಗ್ರಿ. ಮೊಬೈಲ್‌ನ ದಿಕ್ಸೂಚಿ ಹಿಡಿದು 128ಕ್ಕೆ ತಿರುಗಿಸಿದೆ, 65ಕ್ಕೆ ಎತ್ತಿದೆ. ಶೂನ್ಯ.

ಎರಡೂ ತಪ್ಪಾಗಿದ್ದವು. ದಿಕ್ಸೂಚಿ ಹಿಡಿದು ನಿಂತಿದ್ದು ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಪಕ್ಕ. ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಿದರೆ ಮುಳ್ಳು ಇಪ್ಪತ್ತು ಡಿಗ್ರಿ ಬೇರೆ ಕಡೆ. ಇನ್ನು ಎತ್ತರ. ಈ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಸಿಗ್ನಲ್ ಬರುವುದು ಡಿಶ್ಶಿನ ಮುಖ ನೋಡುವ ದಿಕ್ಕಿನಿಂದಲ್ಲ, ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ. ಹಾಗಾಗಿ ಮುಖ 40 ಡಿಗ್ರಿ ಎದ್ದ ಹಾಗೆ ಕಂಡರೆ ಸರಿ. ನಾನು ಅದನ್ನು ಆಕಾಶಕ್ಕೆ ತೋರಿಸಿ ಮಳೆ ನೀರು ಹಿಡಿಯುವ ಬೋಗುಣಿ ಮಾಡಿದ್ದೆ. ಇಷ್ಟೆಲ್ಲ ಲೆಕ್ಕ ಬೇಕಾಗಿಯೇ ಇರಲಿಲ್ಲ. ಹಿಂದಿನ ಬೀದಿಯ ಮಹಡಿಯಲ್ಲಿ ಒಂದು ಫ್ರೀ ಡಿಶ್ ಇದೆ, ಅದು ಎತ್ತ ನೋಡುತ್ತಿದೆಯೋ ಅತ್ತ ತಿರುಗಿಸಿದರೆ ಆಯಿತು. ಹೊಳೆದಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ನೆತ್ತಿ ಕಾದ ಮೇಲೆ.

ಆಮೇಲೂ ಶೂನ್ಯ. ಹೊಸ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಮೂತಿ), 220 ರೂಪಾಯಿ, 9750–10600 ಮೆಗಾಹರ್ಟ್ಸ್‌ನದ್ದು. ಕೇಬಲ್ ಹೊಸದು, ಆರ್‌ಜಿ6, ಮೀಟರಿಗೆ 14ರಂತೆ 20 ಮೀಟರ್. 280 ಕೊಟ್ಟು ತಂದ ಸಿಗ್ನಲ್ ಮೀಟರ್ ಬದುಕಿರುವ ಸೂಚನೆಯನ್ನೇ ಕೊಡುತ್ತಿಲ್ಲ. ಎಲ್‌ಎನ್‌ಬಿ ಬದಲಿಸಿಕೊಂಡು ಬರೋಣ ಅಂತ ಗಾಡಿ ಹತ್ತುವ ಮುಂಚೆ ಸುಮ್ನೆ ತುದಿಯ ಎಫ್ ಕನೆಕ್ಟರ್ ಬಿಚ್ಚಿ ನೋಡಿದೆ. ಕೇಬಲ್ಲಿನ ಹೊರಜಾಲರಿಯ ಒಂದೇ ಒಂದು ಎಳೆ, ಕೂದಲಿಗಿಂತ ಸಣ್ಣದು, ಬಗ್ಗಿ ಒಳಗಿನ ತಾಮ್ರಕ್ಕೆ ತಾಗಿತ್ತು. ಎಲ್‌ಎನ್‌ಬಿಗೆ ಹೋಗಬೇಕಾದ ಕರೆಂಟು ಅಲ್ಲೇ ಶಾರ್ಟ್. ಆ ಎಳೆ ಕತ್ತರಿಸಿ, ಕನೆಕ್ಟರ್ ಹೊಸದು ಹಾಕಿದ ಮೇಲೆ ಮೀಟರ್ ಕೀಂಯ್ ಅಂತು. ಅಷ್ಟು ಇಂಪಾದ ಸದ್ದು ಆ ಭಾನುವಾರ ಬೇರೆ ಕೇಳಲಿಲ್ಲ.

ಕೆಳಗೆ ಬಂದು ಟ್ಯೂನರ್ ಚುಚ್ಚಿದರೆ ಫರ್ಮ್‌ವೇರ್ ಫೈಲ್ ಇಲ್ಲ ಅಂತ ಸಂದೇಶ. ಎಂ88ಡಿಎಸ್3103 ಚಿಪ್ಪಿನ ಫೈಲನ್ನು ಇಳಿಸಿ ಫರ್ಮ್‌ವೇರ್ ಫೋಲ್ಡರ್‌ಗೆ ಹಾಕಿದೆ, ಸರಿಹೋಯಿತು. ಚಾನೆಲ್ ಹಿಡಿದು ರೆಕಾರ್ಡ್ ಮಾಡುವ ತಂತ್ರಾಂಶ ಟಿವಿಹೆಡೆಂಡ್ ಹಾಕಿದೆ. ಬ್ರೌಸರ್‌ನಲ್ಲಿ 9981 ಪೋರ್ಟ್ ತೆರೆದು ಮೊದಲ ಟ್ರಾನ್ಸ್‌ಪಾಂಡರ್ (ಹಲವು ಚಾನೆಲ್ ಹೊತ್ತು ತರುವ ಉಪಗ್ರಹದ ಒಂದು ಹಾದಿ) ಕೈಯಲ್ಲೇ ಬರೆದೆ: ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500. ಚಾನೆಲ್‌ಗಳು ಉದುರಿದವು. ಸಿಗ್ನಲ್ 8 ಡೆಸಿಬೆಲ್ ಇತ್ತು. ಹೆಂಡತಿಯನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಫೋನ್‌ನಲ್ಲಿ ಅಂಕಿ ಓದಿಸುತ್ತಾ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಇಷ್ಟಿಷ್ಟು ತಿರುಗಿಸಿದೆ. 11.8ಕ್ಕೆ ಬಂದಾಗ ಬಿಗಿ ಮಾಡಿದೆ. ಉಳಿದ ಟ್ರಾನ್ಸ್‌ಪಾಂಡರ್‌ಗಳನ್ನೂ ಸೇರಿಸಿದ ಮೇಲೆ ಚಂದನ ಸಿಕ್ಕಿತು. ರೆಕಾರ್ಡ್ ಆದದ್ದನ್ನು ಪರದೆಯಲ್ಲಿ ತೋರಿಸುವ ಕೋಡಿ ತಂತ್ರಾಂಶ ಹಾಕಿದ್ದು, ಟಿವಿಗೆ ಜೋಡಿಸಿದ್ದು, 450ರ ಯುಎಸ್‌ಬಿ ರಿಮೋಟ್, ಇವೆಲ್ಲ ಒಂದು ಗಂಟೆಯ ಕೆಲಸ. ಓಡುವ ಚಿತ್ರದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬಂದರೆ ಕೋಡಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಅಷ್ಟೇ.

ಜೂನ್ 29: ಕರೆಂಟಿನ ಲೆಕ್ಕ

ಒಂದು ವಾರ ಡಬ್ಬ ಹಗಲೂ ರಾತ್ರಿ ಉರಿಯಿತು. ರೆಕಾರ್ಡಿಂಗ್ ಚೆನ್ನಾಗಿ ಬಂತು. ಚಾನೆಲ್ಲಿನ ಕಾರ್ಯಕ್ರಮ ಪಟ್ಟಿಯ ಗೋಜಿಗೆ ಹೋಗದೆ ಗಂಟೆಯ ಲೆಕ್ಕದಲ್ಲೇ ಟೈಮರ್ ಇಟ್ಟಿದ್ದೆ, ಮುಂಚೆ 5 ನಿಮಿಷ, ಆಮೇಲೆ 10 ನಿಮಿಷ ಸೇರಿಸಿ. ಗೋಡೆಯ ಪ್ಲಗ್ಗಿಗೆ ಎರವಲು ತಂದ ವ್ಯಾಟ್ ಮೀಟರ್ ಹಾಕಿದಾಗ ಎದೆ ಧಸಕ್ ಅಂತು. ಸುಮ್ಮನೆ ಕೂತಿದ್ದಾಗಲೇ 68 ವ್ಯಾಟ್. ದಿನಕ್ಕೆ 1.6 ಯೂನಿಟ್, ತಿಂಗಳಿಗೆ 49. ಗೃಹಜ್ಯೋತಿಯಲ್ಲಿ ನಮ್ಮ ಮನೆಯ ಮಿತಿ ತೊಂಬತ್ತನಾಲ್ಕು. ಎಂಬತ್ತರ ಆಸುಪಾಸು ಖರ್ಚು ಮಾಡಿ ಸೊನ್ನೆ ಬಿಲ್ಲು ನೋಡುತ್ತಿದ್ದ ಮನೆಗೆ ಈ ಡಬ್ಬ ಬಿಲ್ಲು ತರಿಸುತ್ತೆ. ಅರ್ಧ ಗಂಟೆಯ ಕ್ವಿಜ್‌ಗೆ ಇಪ್ಪತ್ತನಾಲ್ಕು ಗಂಟೆ ಎಚ್ಚರ ಇರುವುದು ಯಾಕೆ?

ಬಯೋಸ್‌ನಲ್ಲಿ ಆರ್‌ಟಿಸಿ ಅಲಾರಂ ಅಂತ ಒಂದು ಸೌಲಭ್ಯ ಇದೆ. ಹೇಳಿದ ಹೊತ್ತಿಗೆ ಕಂಪ್ಯೂಟರ್ ತಾನೇ ಎದ್ದೇಳುತ್ತೆ. 21:15 ಅಂತ ಇಟ್ಟು ಸೋಮವಾರ ಬೆಳಗ್ಗೆ ಡಬ್ಬ ಆರಿಸಿ ಕೆಲಸಕ್ಕೆ ಹೋದೆ. ರಾತ್ರಿ 9:15 ಆಯಿತು. ಏಳಲಿಲ್ಲ. ನಾಳೆ ನೋಡೋಣ ಅಂತ ಮಲಗಿದೆ.

ಜುಲೈ 1, ಬೆಳಗಿನ ಜಾವ 2:45

ಅಮ್ಮ ಬಂದು ಭುಜ ಅಲ್ಲಾಡಿಸಿದರು. "ಹಾಲ್‌ನಲ್ಲಿ ಯಾರೋ ಇದ್ದಾರೆ ಕಣೋ." ಪಿಸುಮಾತು. ಕೈಯಲ್ಲಿ ಒನಕೆ ಇರಲಿಲ್ಲ, ಪುಣ್ಯಕ್ಕೆ, ಟಾರ್ಚ್ ಇತ್ತು. ಬಾಗಿಲ ಸಂದಿಯಿಂದ ನೋಡಿದರೆ ಕತ್ತಲಲ್ಲಿ ನೀಲಿ ದೀಪ ಒಂದು ಮಿನುಗುತ್ತಿತ್ತು. ಡಬ್ಬಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನ ಹದಿನಾರು ವರ್ಷದ ಫ್ಯಾನ್ ಗೊರಗೊರ ಅನ್ನುತ್ತಿತ್ತು. ಕಳ್ಳ ಅಲ್ಲ, ರೆಕಾರ್ಡರ್ ಎದ್ದಿತ್ತು.

ನಿದ್ದೆಗಣ್ಣಿನಲ್ಲೇ ಅರ್ಥವಾಯಿತು. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇಟ್ಟಿರುತ್ತೆ. ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಾನು ಇಟ್ಟ 21:15 ಅಂದರೆ ನಮ್ಮ 2:45. ಬಯೋಸ್ ಅಲಾರಂ ಆರಿಸಿದೆ. ಅದರ ಬದಲು ಮುಂದಿನ ರೆಕಾರ್ಡಿಂಗ್‌ಗೆ ಹತ್ತು ನಿಮಿಷ ಮುಂಚೆ ಎಬ್ಬಿಸು ಅಂತ ಆರ್‌ಟಿಸಿವೇಕ್ ಆದೇಶದಲ್ಲಿ ಹೇಳಿ ಮಲಗಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಬಯೋಸ್‌ನ ಅಲಾರಂ ಡಿಸೇಬಲ್ ಇರಲೇಬೇಕು. ಅದು ಆನ್ ಇದ್ದಷ್ಟು ಹೊತ್ತು ನನ್ನ ಬೋರ್ಡು ಲಿನಕ್ಸ್ ಹೇಳಿದ ಹೊತ್ತಿಗೆ ಏಳಲಿಲ್ಲ. ಈಗ ಖರ್ಚು ತಿಂಗಳಿಗೆ 5 ಯೂನಿಟ್.

ಜುಲೈ 5: ನಲವತ್ತು ರೂಪಾಯಿ

ಮೂರು ದಿನ ಸರಿಯಾಗಿ ಎದ್ದಿತು. ಶುಕ್ರವಾರ ಸಂಜೆ ಕರೆಂಟು ಹೋಗಿ ಬಂತು, ರಾತ್ರಿ ಏಳಲಿಲ್ಲ. ಆನ್ ಮಾಡಿದರೆ 2009ರ ಜನವರಿ 1. ಮೊದಲ ದಿನ ಕಣ್ಣೆದುರಿಗೆ ಬಂದಾಗ ನೋಡಿಯೂ ನೋಡದ ಹಾಗೆ ಬಿಟ್ಟಿದ್ದೆನಲ್ಲ, ಅದೇ. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ, ಸಿಆರ್2032, ಸತ್ತಿತ್ತು. ಮೀಟರ್‌ನಲ್ಲಿ 1.1 ವೋಲ್ಟ್, ಇರಬೇಕಾದ್ದು 3. ಹೊಸದಕ್ಕೆ 40 ರೂಪಾಯಿ.

ಅದು ಸಾಲದು. ಕರೆಂಟು ಪೂರ್ತಿ ಹೋದರೆ ಅಲಾರಂ ಕಾಯುವ ಆ ಸಣ್ಣ 5 ವೋಲ್ಟೂ ಹೋಗುತ್ತೆ. ಅದಕ್ಕೆ ಬಯೋಸ್‌ನಲ್ಲಿ ಕರೆಂಟು ವಾಪಸ್ ಬಂದಾಗ ಆನ್ ಆಗು ಅಂತ ಇಟ್ಟೆ. ಆನ್ ಆಗುತ್ತೆ, ರೆಕಾರ್ಡಿಂಗ್ ಯಾವಾಗ ಅಂತ ನೋಡುತ್ತೆ, ಅಲಾರಂ ಇಟ್ಟುಕೊಂಡು ಮತ್ತೆ ಮಲಗುತ್ತೆ. ಹಳೆ ಯುಪಿಎಸ್‌ಗೆ ಬ್ಯಾಟರಿ ಹಾಕಿಸಿದೆ, 950. ಆಮೇಲೆ ಗೋಡೆಯ ಸ್ವಿಚ್ಚಿನ ಮೇಲೆ ಆರಿಸಬೇಡಿ ಅಂತ ಚೀಟಿ. ಮಲಗುವ ಮುಂಚೆ ಟಿವಿಯ ಪ್ಲಗ್ ಆರಿಸುವುದು ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಷ್ಟೇ ಹಳೆಯ ಪದ್ಧತಿ.

ಎಫ್ ಕನೆಕ್ಟರ್ ಆರಕ್ಕೆ 60 ಸೇರಿಸಿ ಒಟ್ಟು ಕೂಡಿದರೆ 11,770 ರೂಪಾಯಿ. ಈ ಲೆಕ್ಕ ನೋಡಿ ಹೆಂಡತಿ ಕೇಳಿದ್ದು ಒಂದೇ ಮಾತು. ಫ್ರೀ ಡಿಶ್‌ನದ್ದೇ ಸೆಟ್‌ಟಾಪ್ ಬಾಕ್ಸ್ ಸಾವಿರದೈನೂರಕ್ಕೆ ಬರುತ್ತಂತೆ, ಪೆನ್‌ಡ್ರೈವ್ ಚುಚ್ಚಿದರೆ ರೆಕಾರ್ಡ್ ಆಗುತ್ತಂತೆ, ಹೌದಾ? ಹೌದು, ಅಂಥವು ಇವೆ. ಅದರಲ್ಲಿ ವಾರದ ಟೈಮರ್ ಇಡುವುದು ಕಷ್ಟ, ರೆಕಾರ್ಡ್ ಆಗುವಾಗ ಬೇರೆ ಚಾನೆಲ್ ನೋಡುವುದು ಕಷ್ಟ, ನಮ್ಮದರಲ್ಲಾದರೆ ಒಂದೇ ಟ್ರಾನ್ಸ್‌ಪಾಂಡರ್‌ನ ಎರಡು ಮೂರು ಚಾನೆಲ್ಲನ್ನು ಒಂದೇ ಟ್ಯೂನರ್‌ನಲ್ಲಿ ಒಟ್ಟಿಗೆ ಹಿಡಿಯಬಹುದು ಅಂತೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅಷ್ಟೇ.

ಸೆಪ್ಟೆಂಬರ್ 20

ಎರಡೂವರೆ ತಿಂಗಳಲ್ಲಿ ತಪ್ಪಿದ ಕಂತು ನಾಲ್ಕು. ಮೂರು ಗುಡುಗು ಮಳೆಗೆ. ದಪ್ಪ ಮಳೆ ಬಂದರೆ ಸಿಗ್ನಲ್ 5 ಡೆಸಿಬೆಲ್‌ಗೆ ಇಳಿದು ಚಿತ್ರ ಚೌಕ ಚೌಕ ಆಗುತ್ತೆ, ಅದಕ್ಕೆ ಈ ಅಳತೆಯ ಡಿಶ್ಶಿನಲ್ಲಿ ಮದ್ದಿಲ್ಲ. ನಾಲ್ಕನೆಯದಕ್ಕೆ ಕಾರಣ ಎಲ್‌ಎನ್‌ಬಿ ಬಾಯಲ್ಲಿ ಗೂಡು ಕಟ್ಟಲು ಹೊರಟ ಕಣಜ. ಐಸ್‌ಕ್ರೀಂ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕತ್ತರಿಸಿ ಕಟ್ಟಿದ್ದೇನೆ, ಸಿಗ್ನಲ್ ಕಡಿಮೆಯಾಗಿಲ್ಲ. ಎಸ್‌ಎಂಪಿಎಸ್ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೂ ಗೊರಕೆ ನಿಂತಿಲ್ಲ, ಬದಲಿಸಬೇಕು. ಅಮ್ಮ ಈಗ ಬೆಳಗ್ಗೆ ಪ್ರಶ್ನೆ ಮುಗಿದ ತಕ್ಷಣ ಪಾಜ್ ಒತ್ತಿ, ಉತ್ತರ ಹೇಳಿ, ಆಮೇಲೆ ಪ್ಲೇ ಒತ್ತುತ್ತಾರೆ. ನಿನ್ನೆಯ ಕಂತು ಸಿಗದಿದ್ದರೆ ಹಳೆಯದೇ ಹಾಕಿಕೊಂಡು ಎಲ್ಲಕ್ಕೂ ಥಟ್ ಅಂತ ಸರಿ ಉತ್ತರ ಕೊಡುತ್ತಾರೆ.